ಸಹಿ ಮಾಡುವ ತಂದೆ, ಎಲ್ಲವನ್ನೂ ಬಲ್ಲ ತಾಯಿ: ಮಕ್ಕಳ ಮನೋಚಿಕಿತ್ಸೆಯ ತೀರ್ಮಾನ ಮತ್ತು ಮೊಬೈಲ್

ಶ್ರೀಮಠದ ಪ್ರಸಾದ ನಿಲಯದಲ್ಲಿ ಮಕ್ಕಳು ಊಟಕ್ಕೆ ಸಾಲು ನಿಲ್ಲುವ ಗೋಡೆಯ ಮೇಲೆ 14416 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿದ್ದೇವೆ. ಇದು ನಾವಾಗಿಯೇ ಯೋಚಿಸಿ ಮಾಡಿದ ಕೆಲಸವಲ್ಲ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿ ಆಕೆಯ ತಂದೆ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ವಸತಿ ನಿಲಯಗಳಿಗೂ ಅನ್ವಯಿಸುವ 15 ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ನೀಡಬೇಕು, ಸಹಾಯವಾಣಿಯ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು, ತಂದೆತಾಯಿಗಳಿಗೂ ನಿಯತವಾಗಿ ತಿಳಿವಳಿಕೆ ನೀಡಬೇಕು ಎಂಬವು ಅವುಗಳಲ್ಲಿ ಕೆಲವು. 2022ರ ಒಂದೇ ವರ್ಷದಲ್ಲಿ ಈ ದೇಶದ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂಬ ಸರಕಾರಿ ಅಂಕಿಯು ಆ ತೀರ್ಪಿನ ಬೆನ್ನಿಗಿತ್ತು.

ಫಲಕ ಬರೆಸುವುದು ಸುಲಭ. ಒಂದು ದಿನದ ಕೆಲಸ. ತಂದೆತಾಯಿಗಳನ್ನು ಈ ವಿಷಯದೊಳಕ್ಕೆ ಕರೆತರುವುದು ಎಷ್ಟು ಕಷ್ಟವೆಂಬುದು ನನಗೆ ತಿಳಿದದ್ದು ಆ ಫಲಕ ಬಂದ ಮೇಲೆಯೇ. ಭಕ್ತರಲ್ಲೊಬ್ಬರು, ನಾಲ್ಕು ಎಕರೆ ಒಣಬೇಸಾಯದ ರೈತರು, ಪತ್ನಿಯೊಡನೆ ಮಠಕ್ಕೆ ಬಂದರು. ಅವರ ಮಗ ನಮ್ಮ ನಿಲಯದಲ್ಲಿದ್ದು ಎರಡನೆಯ ಪಿಯುಸಿ ಓದುತ್ತಿದ್ದನು. ಯುಗಾದಿ ರಜೆಗೆ ಊರಿಗೆ ಹೋದವನು ಮರಳಿ ಬಂದಿರಲಿಲ್ಲ. "ಬುದ್ಧಿಯವರು ಒಂದ್ ವಿಭೂತಿ ಕೊಟ್ಟು ಹರಸಿದ್ರ ಸಾಕ್ರಿ ಸರ, ಹುಡುಗಗ ಏನೋ ಸೋಂಕ ಆಗೇತಿ" ಎಂದರು ತಂದೆ. ಪೂಜ್ಯರು ವಿಭೂತಿಯನ್ನೂ ಕೊಟ್ಟರು, ಗೋಡೆಯ ಮೇಲಿನ ಸಂಖ್ಯೆಗೆ ಈಗಲೇ ಕರೆ ಮಾಡಿಸಿ ಎಂದು ನನಗೂ ಆಜ್ಞಾಪಿಸಿದರು. ಕಾರ್ಯಾಲಯದ ದೂರವಾಣಿಯಿಂದ ನಾನೇ ಕರೆ ಮಾಡಿದೆ. ಆ ಕಡೆಯ ಸಮಾಲೋಚಕಿ ಕನ್ನಡದಲ್ಲಿಯೇ, ಅವಸರವಿಲ್ಲದೆ ಒಂದೊಂದಾಗಿ ಕೇಳಿದರು: ನಿದ್ದೆ ಎಷ್ಟು ದಿನದಿಂದ ಕೆಟ್ಟಿದೆ, ಊಟ ಹೇಗಿದೆ, ಗೆಳೆಯರೊಡನೆ ಮಾತು ಇದೆಯೋ ಇಲ್ಲವೋ, ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೋ. ತಂದೆಯವರ ಬಳಿ ಯಾವುದಕ್ಕೂ ಉತ್ತರವಿರಲಿಲ್ಲ. ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದ ತಾಯಿ ಮಾತ್ರ ಪ್ರತಿಯೊಂದಕ್ಕೂ ಲೆಕ್ಕ ಇಟ್ಟವರಂತೆ ಹೇಳಿದರು: ಹೊಟ್ಟೆತುಂಬ ಊಟ ಬಿಟ್ಟು ಇಪ್ಪತ್ತು ದಿನ, ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಓಡಾಡುವುದು ಅದಕ್ಕೂ ಮೊದಲಿನಿಂದ, ತನ್ನ ಅಣ್ಣನೂ ಇಂಥದೇ ವಯಸ್ಸಿನಲ್ಲಿ ಹೀಗಾಗಿದ್ದನು.

ಜಿಲ್ಲಾ ಆಸ್ಪತ್ರೆಗೆ ಹೋದರು. ಅಲ್ಲಿ ಕಾಗದಗಳಿಗೆ ಸಹಿ ಹಾಕಿದವರು ತಂದೆ. ಮಾತ್ರೆ ಬರೆದುಕೊಟ್ಟರು, ಪರಿಣಾಮ ಕಾಣಲು ಕೆಲವು ವಾರಗಳು ಬೇಕೆಂಬುದನ್ನೂ ವೈದ್ಯರು ಹೇಳಿರಬೇಕು. ಊರಿಗೆ ಮರಳಿದ ಹದಿನೈದನೆಯ ದಿನ ಹುಡುಗನ ಸೋದರಮಾವ ಬಂದು "ಹುಚ್ಚಿನ ಗುಳಗಿ ನುಂಗಿಸಿ ಹುಡುಗನ ಬಾಳೇವು ಹಾಳ ಮಾಡಬ್ಯಾಡ್ರಿ" ಎಂದನು. ಮಾತ್ರೆ ನಿಂತಿತು. ಒಂದು ತಿಂಗಳಲ್ಲಿ ಹುಡುಗನ ಸ್ಥಿತಿ ಮೊದಲಿಗಿಂತ ಹದಗೆಟ್ಟಿತು. ಈಗ ಮತ್ತೆ ಚಿಕಿತ್ಸೆಯಲ್ಲಿದ್ದಾನೆ. ಒಂದು ವರ್ಷ ಹೋಯಿತು, ಹುಡುಗ ಉಳಿದನು.

ಆಸ್ಪತ್ರೆಯ ಮೇಜಿನ ಮೇಲೆ ಆದ ತೀರ್ಮಾನಕ್ಕೆ ಸಹಿ ಇತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಆದ ಎರಡನೆಯ ತೀರ್ಮಾನಕ್ಕೆ ಯಾರ ಸಹಿಯೂ ಇರಲಿಲ್ಲ. ಆದರೆ ನಡೆದದ್ದು ಅದೇ. ಮಕ್ಕಳ ಮಾನಸಿಕ ಆರೋಗ್ಯದ ವಿಷಯದಲ್ಲಿ ಮೊಬೈಲು, ಆ್ಯಪು, ದೂರಸಮಾಲೋಚನೆ ಮುಂತಾದ ಹೊಸ ಸಾಧನಗಳ ಕುರಿತು ಈಗ ಎಲ್ಲೆಡೆ ಚರ್ಚೆ ನಡೆದಿದೆ. ಅವುಗಳ ಬೆಲೆಯನ್ನು ನಾನು ಅಳೆಯಬಯಸುವುದು ಈ ಎರಡನೆಯ ತೀರ್ಮಾನದ ಜಾಗದಲ್ಲಿ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು 2018ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ 18 ವರ್ಷ ತುಂಬದವರಿಗೆ ಅವರ ಕಾನೂನುಬದ್ಧ ಪೋಷಕರೇ ನಾಮನಿರ್ದೇಶಿತ ಪ್ರತಿನಿಧಿ. ಮಗುವನ್ನು ಒಳರೋಗಿಯಾಗಿ ಸೇರಿಸಬೇಕಾದರೆ ಪೋಷಕರ ಅರ್ಜಿ ಬೇಕು. ಇಬ್ಬರು ತಜ್ಞರು, ಅವರಲ್ಲಿ ಒಬ್ಬರಾದರೂ ಮನೋವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಿ ಒಂದೇ ನಿರ್ಣಯಕ್ಕೆ ಬರಬೇಕು. ಪೋಷಕರು ಅಥವಾ ಅವರು ನೇಮಿಸಿದವರು ಸದಾ ಮಗುವಿನ ಜೊತೆಗಿರಬೇಕು. ಹೆಣ್ಣುಮಗುವಾದರೆ ಜೊತೆಗೆ ಹೆಣ್ಣುಮಕ್ಕಳೇ ಇರಬೇಕು. 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಗೆ ತಿಳಿಸಬೇಕು. ಮಗುವಿನ ಇಚ್ಛೆಯನ್ನು ತಿಳಿಯಲು ಸಾಧ್ಯವಾದರೆ ಅದನ್ನೂ ಪರಿಗಣಿಸಬೇಕೆಂದು ಅದೇ ಕಲಮಿನಲ್ಲಿದೆ. ಚಿಕಿತ್ಸೆಗೆ ಪೋಷಕರು ಕೊಡುವ ಒಪ್ಪಿಗೆ 'ತಿಳಿದು ಕೊಟ್ಟ ಒಪ್ಪಿಗೆ' ಆಗಿರಬೇಕು. ಈ 'ತಿಳಿದು' ಎಂಬ ಮಾತೇ ಇಲ್ಲಿ ಭಾರವಾದದ್ದು. ಹೊರರೋಗಿ ವಿಭಾಗದ ಹತ್ತು ನಿಮಿಷದಲ್ಲಿ, ಹಿಂದೆ ಮೂವತ್ತು ಜನ ಕಾದಿರುವಾಗ, ರೋಗದ ಹೆಸರು, ಮಾತ್ರೆಯ ಹೆಸರು, ಅದರ ಅಡ್ಡಪರಿಣಾಮ, ಮಾತ್ರೆಯಿಲ್ಲದೆ ಕೇವಲ ಸಮಾಲೋಚನೆಯಿಂದ ಆಗುವುದೇ ಎಂಬ ಪ್ರಶ್ನೆ, ಇಷ್ಟನ್ನೂ ಒಬ್ಬ ರೈತ ತಿಳಿದುಕೊಳ್ಳಬೇಕೆಂದರೆ ಹೇಗೆ? ವೈದ್ಯರನ್ನು ದೂರಿ ಫಲವಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆಯೆಂದು ಅಂದಾಜಿಸಿತು. (ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲವೆಂಬುದು ಬೇರೆ ಮಾತು, ಸಂಸ್ಥೆ ನಮ್ಮದು, ಲೆಕ್ಕ ಅನ್ಯರದು.) ಅಷ್ಟು ಮಕ್ಕಳಿಗೆ ಸಾಕಾಗುವಷ್ಟು ಮನೋವೈದ್ಯರು ಈ ದೇಶದಲ್ಲಿಲ್ಲ, ಮಕ್ಕಳ ಮನೋವೈದ್ಯರಂತೂ ದೊಡ್ಡ ನಗರಗಳ ಆಚೆ ಕಾಣಸಿಗುವುದೇ ಅಪರೂಪ.

ಹೊರದೇಶಗಳಲ್ಲಿ ಈ ಹತ್ತು ನಿಮಿಷವನ್ನು ಹಿಗ್ಗಿಸುವ ಪ್ರಯತ್ನಗಳು ನಡೆದಿವೆ. ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯವರು ಏಕಾಗ್ರತೆಯ ಕೊರತೆ ಮತ್ತು ಅತಿಚಟುವಟಿಕೆಯಿರುವ ಮಕ್ಕಳಿಗಾಗಿ ಒಂದು ಅಂತರ್ಜಾಲ ವ್ಯವಸ್ಥೆಯನ್ನು ರೂಪಿಸಿದರು. ತಾಯಿ ಮನೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಾಳೆ, ಶಿಕ್ಷಕ ಶಾಲೆಯಲ್ಲಿ ಕುಳಿತು ತನ್ನದನ್ನು ತುಂಬುತ್ತಾನೆ. ಔಷಧ ಆರಂಭವಾದ ಮೇಲೆ ಮಗು ಸುಧಾರಿಸಿತೋ ಇಲ್ಲವೋ ಎಂಬುದು ಗೆರೆಯ ಚಿತ್ರವಾಗಿ ವೈದ್ಯರ ಮುಂದೆ ಬರುತ್ತದೆ. ಲಂಡನ್ನಿನಲ್ಲಿ ಯೂನಿವರ್ಸಿಟಿ ಕಾಲೇಜು ಮತ್ತು ಆನಾ ಫ್ರಾಯ್ಡ್ ಸಂಸ್ಥೆಯ ಸಂಶೋಧಕರು 'ಪವರ್ ಅಪ್' ಎಂಬ ಆ್ಯಪನ್ನು ಚಿಕಿತ್ಸೆಯಲ್ಲಿರುವ ಹದಿಹರೆಯದವರಿಗಾಗಿ ರೂಪಿಸಿದರು. ಆಮೇಲೆ 'ಪವರ್ ಅಪ್ ಫಾರ್ ಪೇರೆಂಟ್ಸ್' ಎಂದು ತಂದೆತಾಯಿಗಳಿಗಾಗಿಯೇ ಮತ್ತೊಂದನ್ನು ಸಿದ್ಧಪಡಿಸಿದರು. ಇದರ ಗುರಿ ರೋಗ ಕಂಡುಹಿಡಿಯುವುದಲ್ಲ. ಮಗುವಿನ ಚಿಕಿತ್ಸೆಯ ತೀರ್ಮಾನದಲ್ಲಿ ಪೋಷಕರು ಕೇವಲ ತಲೆಯಾಡಿಸುವವರಾಗದೆ ಪಾಲುದಾರರಾಗಲು ನೆರವಾಗುವುದು. ಅಂದರೆ, ಮಗುವಿಗಾಗಿ ಎರಡು ಆ್ಯಪುಗಳ ಅಗತ್ಯವಿದೆಯೆಂದು ಅವರಿಗೆ ತೋರಿತು: ಮಗುವಿಗೊಂದು, ಹೆತ್ತವರಿಗೊಂದು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಕರ್ನಾಟಕದವರಾದ ನಾವು ಇದನ್ನು ಪರದೇಶದ ವಸ್ತುವೆಂದು ಬೆರಗಿನಿಂದ ನೋಡಬೇಕಾಗಿಲ್ಲ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಿಂದ ಹಳ್ಳಿಗೆ ಒಯ್ಯುವ ಪ್ರಯೋಗವು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿಯೇ. 14416 ಎಂಬ ಟೆಲಿ-ಮಾನಸ್ ಆ ಪರಂಪರೆಯ ಮುಂದುವರಿಕೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಅದು ಆರಂಭವಾಯಿತು. ಮಾರ್ಗದರ್ಶಕ ಸಂಸ್ಥೆ ನಿಮ್ಹಾನ್ಸ್. ತಾಂತ್ರಿಕ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಹಗಲು ರಾತ್ರಿ, ಉಚಿತವಾಗಿ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತನಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ, ಅಲ್ಲಿಂದ ಹತ್ತಿರದ ಆಸ್ಪತ್ರೆಗೆ ಜೋಡಿಸುತ್ತಾರೆ. ಎರಡು ವರ್ಷಗಳ ಬಳಿಕ, 2024ರ ಅದೇ ದಿನ, ಮೊಬೈಲ್ ಆ್ಯಪು ಬಂದಿತು. ಮುಖ ನೋಡಿ ಮಾತನಾಡುವ ವೀಡಿಯೊ ಸೌಲಭ್ಯ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದಲ್ಲದೆ ಮಾನಸಿಕ ಆರೋಗ್ಯ ಸಂಸ್ಥೆಗಳ ನೋಂದಣಿ ಮತ್ತು ರೋಗಿಯ ದಾಖಲೆಗಳಿಗಾಗಿ ನಮ್ಮ ರಾಜ್ಯದಲ್ಲಿ 'ಇ-ಮಾನಸ್' ಇದೆ. ಇದು ಮುಖ್ಯವಾಗಿ ಸಂಸ್ಥೆ ಮತ್ತು ವೈದ್ಯರ ಕಡೆಯ ಏರ್ಪಾಡು.

ಬಹಳ ಭಕ್ತರಿಗೆ ತಿಳಿಯದ ಸಂಗತಿಯೊಂದಿದೆ. 14416ಕ್ಕೆ ಕರೆ ಮಾಡಲು ರೋಗಿಯೇ ಮಾತನಾಡಬೇಕೆಂದಿಲ್ಲ. ಮಗುವಿನ ಬಗೆಗೆ ಚಿಂತೆಯಿರುವ ತಾಯಿ, ಶಿಕ್ಷಕ, ನಿಲಯದ ಮೇಲ್ವಿಚಾರಕ ಯಾರೂ ಕೇಳಬಹುದು. ಸ್ಮಾರ್ಟ್‌ಫೋನ್ ಬೇಡ, ಸಾಧಾರಣ ಬಟನ್ ಫೋನು ಸಾಕು. ಹಾಗೆಯೇ 2020ರ ಮಾರ್ಚಿಯಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಗಳ ಪ್ರಕಾರ, ವೈದ್ಯರು ಅಪ್ರಾಪ್ತ ವಯಸ್ಕರನ್ನು ದೂರದಿಂದ ನೋಡಬೇಕಾದರೆ ಜೊತೆಗೆ ಹಿರಿಯರೊಬ್ಬರು ಇರಲೇಬೇಕು, ಅವರ ಗುರುತನ್ನೂ ವೈದ್ಯರು ಖಚಿತಪಡಿಸಿಕೊಳ್ಳಬೇಕು. ಹೀಗಾಗಿ ಪರದೆಯ ಮುಂದೆ ತಂದೆಯೋ ತಾಯಿಯೋ ಕುಳಿತಿರುತ್ತಾರೆ. ಕುಳಿತವರು ಏನು ಮಾಡಬೇಕೆಂಬುದನ್ನು ಮಾತ್ರ ಅವರಿಗೆ ಯಾರೂ ಕಲಿಸಿಲ್ಲ.

ನನ್ನ ಅಲ್ಪ ಅನುಭವದಲ್ಲಿ ಈ ಸಾಧನಗಳ ನಿಜವಾದ ಉಪಯೋಗ ಕಂಡದ್ದು ತೀರ ಸಾಧಾರಣವಾದ ಕೆಲಸಗಳಲ್ಲಿ. ಮೇಲೆ ಹೇಳಿದ ಹುಡುಗನ ಎರಡನೆಯ ಸುತ್ತಿನ ಚಿಕಿತ್ಸೆಯಲ್ಲಿ ವೀಡಿಯೊ ಸಮಾಲೋಚನೆಗೆ ಅಕ್ಕನ ಮೊಬೈಲು ಬಂದಿತು. ಅಕ್ಕ ಬಿಎ ಓದಿದವಳು. ವೈದ್ಯರು ಹೇಳಿದ್ದನ್ನು ಅವರ ಅನುಮತಿ ಪಡೆದು ಧ್ವನಿಮುದ್ರಿಸಿಕೊಂಡಳು. ರಾತ್ರಿ ಊಟವಾದ ಮೇಲೆ ಮನೆಮಂದಿಗೆಲ್ಲ, ಸೋದರಮಾವನಿಗೂ, ಕೇಳಿಸಿದಳು. ತಾಯಿ ಹೇಳಿದಂತೆ ಪ್ರತಿದಿನ ನಿದ್ದೆ ಎಷ್ಟು ಗಂಟೆ, ಊಟ ಎಷ್ಟು ರೊಟ್ಟಿ, ಮಾತ್ರೆ ತೆಗೆದುಕೊಂಡನೋ ಇಲ್ಲವೋ ಎಂದು ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಬರೆದುಕೊಂಡಳು. ಮುಂದಿನ ಸಮಾಲೋಚನೆಯಲ್ಲಿ ವೈದ್ಯರು ಆ ಬರಹವನ್ನು ನೋಡಿ ಮಾತ್ರೆಯ ಪ್ರಮಾಣವನ್ನು ಬದಲಿಸಿದರು. ಹಗಲಿನಲ್ಲಿ ತೂಕಡಿಕೆ ಬರುತ್ತದೆ, ಪರೀಕ್ಷೆ ಹತ್ತಿರವಿದೆ ಎಂದು ಹುಡುಗನೇ ಬಾಯಿಬಿಟ್ಟದ್ದು ಕೂಡ ಅಂದೇ. ಸೋದರಮಾವ ಆಮೇಲೆ ಮಾತ್ರೆಯ ವಿಷಯ ಎತ್ತಲಿಲ್ಲ. ಅವನ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ, ಆದರೆ ವೈದ್ಯರ ಮಾತು ಅವನ ಕಿವಿಗೂ ಬಿದ್ದಿತ್ತು.

ಸಿನ್ಸಿನಾಟಿಯಲ್ಲಿ ದೊಡ್ಡ ವೆಚ್ಚದಿಂದ ಕಟ್ಟಿದ ವ್ಯವಸ್ಥೆಯ ತಿರುಳು ಇದೇ ತಾನೆ? ನಮ್ಮಲ್ಲಿ ಅಂಥದು ಕನ್ನಡದಲ್ಲಿ, ಸರಕಾರದ ಆ್ಯಪಿನೊಳಗೇ ಪೋಷಕರಿಗೆಂದು ಒಂದು ಪುಟವಾಗಿ ಇರಬೇಕೆಂಬುದು ನನ್ನ ಒತ್ತಾಯ. ಇದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಇದೆ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ 25 ವಾಕ್ಯಗಳ ಪ್ರಶ್ನಾವಳಿ ಕನ್ನಡಕ್ಕೂ ಬಂದಿದೆ. ತಂದೆತಾಯಿ, ಶಿಕ್ಷಕ, 11 ದಾಟಿದ ಮಗು ಮೂವರೂ ಬೇರೆಬೇರೆಯಾಗಿ ತುಂಬಬಹುದು. ಮೂವರ ಉತ್ತರವೂ ಒಂದೇ ಆಗುವುದು ಅಪರೂಪ. ತಾಯಿಗೆ ಹಟವೆಂದು ಕಂಡದ್ದು ಶಿಕ್ಷಕನಿಗೆ ಮೌನವೆಂದು, ಮಗುವಿಗೆ ಭಯವೆಂದು ಕಂಡಿರುತ್ತದೆ. ಈ ಮೂರು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾತನಾಡಿದರೆ ವೈದ್ಯರ ಹತ್ತು ನಿಮಿಷಕ್ಕೆ ಬೆಲೆ ಬರುತ್ತದೆ. ಇದು ರೋಗವನ್ನು ನಿರ್ಧರಿಸುವ ಪರೀಕ್ಷೆಯಲ್ಲವೆಂಬುದನ್ನು ಮಾತ್ರ ಮರೆಯಬಾರದು. ಅಂಕಿ ಹೆಚ್ಚಾಯಿತೆಂದು ಮಗುವಿಗೆ ರೋಗದ ಹೆಸರು ಅಂಟಿಸುವ ಪೋಷಕರನ್ನೂ, ಬೇಸರವೆನ್ನಿಸಿದರೂ ಹೇಳುತ್ತೇನೆ, ಅಂಥ ಶಿಕ್ಷಕರನ್ನೂ ನೋಡಿದ್ದೇನೆ.

ಈಗ, ಮಗುವಿಗೊಂದು ಹೆತ್ತವರಿಗೊಂದು ಎಂಬ ಮಾತಿಗೆ ಬರೋಣ. ಹದಿನಾರು ವರ್ಷದ ಹುಡುಗಿ ಸಮಾಲೋಚಕರಿಗೆ ಬರೆದದ್ದನ್ನು, ಹೇಳಿದ್ದನ್ನು ತಂದೆ ಓದಬಹುದೇ? ನಮ್ಮ ಸಮಾಜದಲ್ಲಿ ಈ ಪ್ರಶ್ನೆಯೇ ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಹೆತ್ತವರಿಗೆ ಗೊತ್ತಾಗಬಾರದ್ದು ಮಗುವಿಗೆ ಏನಿರುತ್ತದೆ ಎನ್ನುತ್ತಾರೆ. ಇರುತ್ತದೆ. ಓದಿನ ಒತ್ತಡ ಹೇರುವವರು ತಂದೆಯೇ ಆಗಿರಬಹುದು. ಬೇಡದ ಮದುವೆಯ ಮಾತು ನಡೆದಿರಬಹುದು. ಮನೆಗೆ ಬಂದುಹೋಗುವ ನೆಂಟನೊಬ್ಬನ ನಡತೆಯೇ ಮಗುವಿನ ಸಂಕಟಕ್ಕೆ ಕಾರಣವಾಗಿರಬಹುದು. ಹೇಳಿದ್ದೆಲ್ಲವೂ ಮನೆಗೆ ತಲುಪುತ್ತದೆಂದು ತಿಳಿದರೆ ಆ ಮಗು ಯಾರಿಗೂ ಏನನ್ನೂ ಹೇಳದು. ಇತ್ತ ಏನೂ ತಿಳಿಯದೆ ಹೆತ್ತವರು ಚಿಕಿತ್ಸೆಯಲ್ಲಿ ಪಾಲುದಾರರಾಗುವುದೂ ಸಾಧ್ಯವಿಲ್ಲ. ಜೀವಕ್ಕೆ ಅಪಾಯವಿರುವ ಮಾತನ್ನು ಮುಚ್ಚಿಡಬಾರದು. ಉಳಿದವುಗಳಲ್ಲಿ ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಬೇಡ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಮಗು, ಪೋಷಕರು, ವೈದ್ಯರು ಮೂವರೂ ಕುಳಿತು ಮಾತನಾಡಿಕೊಳ್ಳಬೇಕು. ಈ ಮಾತುಕತೆಯನ್ನು ಯಾವ ಆ್ಯಪೂ ನಮ್ಮ ಪರವಾಗಿ ಮಾಡಿಕೊಡದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದಿದೆ. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳಿಗೆ ಸಿದ್ಧತೆಗಾಗಿ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಮಗುವಿನ ಆರೋಗ್ಯ ರಕ್ಷಣೆಗೆ ಅಗತ್ಯವಿರುವಷ್ಟರ ಮಟ್ಟಿಗೆ ವೈದ್ಯರಿಗೂ ಮಾನಸಿಕ ಆರೋಗ್ಯ ಸಂಸ್ಥೆಗಳಿಗೂ ವಿನಾಯಿತಿ ಕೊಟ್ಟಿದ್ದಾರೆ. ಇದು ವಿವೇಕದ ನಡೆ. ಆದರೆ ಪ್ಲೇಸ್ಟೋರಿನಲ್ಲಿ ಸಾಲುಗಟ್ಟಿ ನಿಂತಿರುವ, ಮನಶ್ಶಾಂತಿ ಕೊಡುತ್ತೇವೆನ್ನುವ ಖಾಸಗಿ ಆ್ಯಪುಗಳ ಹಿಂದೆ ವೈದ್ಯರಿದ್ದಾರೋ ವ್ಯಾಪಾರಿಗಳಿದ್ದಾರೋ ಎಂದು ತಿಳಿಯುವ ಬಗೆ ಹಳ್ಳಿಯ ತಾಯಿಗೆ ಇಲ್ಲ. ಮಕ್ಕಳು ರಾತ್ರಿ ಯಂತ್ರದೊಡನೆಯೇ ಸುಖದುಃಖ ಹಂಚಿಕೊಳ್ಳುವ ರೂಢಿಯೂ ಬರುತ್ತಿದೆ. ಆ ಯಂತ್ರ ಮಗುವಿನ ಸ್ಥಿತಿ ಕೆಟ್ಟಾಗ ಬಾಗಿಲು ತಟ್ಟಿ ತಂದೆತಾಯಿಯನ್ನು ಎಬ್ಬಿಸುವುದಿಲ್ಲ.

ಇನ್ನೊಂದು ಬಗೆಯ ಸಾಧನದ ಬಗ್ಗೆ ಎಚ್ಚರಿಸಲೇಬೇಕು. ಮಗನ ಮೊಬೈಲಿನಲ್ಲಿ ಗುಟ್ಟಾಗಿ ಏನನ್ನೋ ಹಾಕಿಸಿ ಅವನ ಸಂದೇಶಗಳನ್ನೆಲ್ಲ ತಮ್ಮ ಮೊಬೈಲಿನಲ್ಲಿ ಓದುತ್ತಿರುವುದಾಗಿ ಭಕ್ತರೊಬ್ಬರು ಹೆಮ್ಮೆಯಿಂದ ಹೇಳಿದರು. ಇದು ಪಹರೆ. ಪಹರೆ ಗೊತ್ತಾದ ದಿನ ಮಗು ಮೊಬೈಲನ್ನಲ್ಲ, ಹೆತ್ತವರನ್ನು ನಂಬುವುದನ್ನು ಬಿಡುತ್ತದೆ. ಅವರ ಮನೆಯಲ್ಲಿ ಆದದ್ದೂ ಅದೇ.

ಮೊಬೈಲು ಯಾರ ಕೈಯಲ್ಲಿದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಆಸ್ಪತ್ರೆಯ ನೋಂದಣಿಗೆ, ಒಟಿಪಿಗೆ, ಮುಂದಿನ ದಿನಾಂಕದ ಸಂದೇಶಕ್ಕೆ ಕೊಡುವುದು ಮನೆಯ ಯಜಮಾನರ ಸಂಖ್ಯೆ. ಅವರು ಹೊಲದಲ್ಲೋ ಸಂತೆಯಲ್ಲೋ ಇರುತ್ತಾರೆ. ಮಗುವಿನ ಪಕ್ಕದಲ್ಲಿರುವ ತಾಯಿಗೆ ಸಂದೇಶ ತಲುಪುವುದೇ ಇಲ್ಲ. ಕಾನೂನಿನ ಕಣ್ಣಿಗೆ ಪೋಷಕರೆಂದರೆ ಒಂದು ಹೆಸರು. ನಮ್ಮ ಕೂಡುಕುಟುಂಬಗಳಲ್ಲಿ ತೀರ್ಮಾನವೆಂದರೆ ಅಜ್ಜ, ದೊಡ್ಡಪ್ಪ, ಸೋದರಮಾವ, ಖರ್ಚು ಭರಿಸುವವರು ಎಲ್ಲರದೂ. ಪಾಶ್ಚಾತ್ಯ ದೇಶಗಳ ಸಾಧನಗಳನ್ನು ಹಾಗೆಯೇ ಅನುವಾದಿಸಿ ತಂದರೆ ಈ ಅಡುಗೆಮನೆಯ ಪರಿಷತ್ತು ಅವುಗಳ ಲೆಕ್ಕಕ್ಕೇ ಸಿಗದು.

ನಮ್ಮ ಸಂಸ್ಥೆಯ ಲೋಪವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆ ಹುಡುಗ ರಜೆಗೆ ಹೋಗುವ ಮೊದಲೇ ಎರಡು ತಿಂಗಳಿಂದ ರಾತ್ರಿ ಮಲಗುತ್ತಿರಲಿಲ್ಲವೆಂದು ಅವನ ಕೋಣೆಯ ಹುಡುಗರಿಗೆ ಗೊತ್ತಿತ್ತು. ಮೇಲ್ವಿಚಾರಕರು ಹಾಜರಿ ಪುಸ್ತಕದಲ್ಲಿ ಮೂರು ಸಲ 'ಬೆಳಗಿನ ಪ್ರಾರ್ಥನೆಗೆ ಗೈರು' ಎಂದು ಬರೆದು ತಂದೆಗೆ ಸಂದೇಶವನ್ನೂ ಕಳುಹಿಸಿದ್ದರು. ಆ ಸಂದೇಶ ಓದಿ ತಂದೆ ಮಗನನ್ನು ಬೈದಿದ್ದರಂತೆ. ನಾವು ಕಳುಹಿಸಿದ್ದು ದೂರು, ಕಳುಹಿಸಬೇಕಾಗಿದ್ದುದು ಪ್ರಶ್ನೆ.

ಈ ವರ್ಷದಿಂದ ಪ್ರಸಾದ ನಿಲಯದ ಪ್ರವೇಶ ಪತ್ರದಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ತಂದೆಯ ಸಂಖ್ಯೆಯ ಕೆಳಗೆ ತಾಯಿಯ ಕೈಗೆ ಸಿಗುವ ಫೋನಿನ ಸಂಖ್ಯೆಗೂ ಸ್ಥಳವಿದೆ. ಅದರ ಕೆಳಗೆ, 'ನನಗೆ ಕಷ್ಟವಾದಾಗ ಮೊದಲು ಯಾರಿಗೆ ತಿಳಿಸಬೇಕು' ಎಂಬ ಸಾಲನ್ನು ವಿದ್ಯಾರ್ಥಿಯೇ ಸ್ವಹಸ್ತದಿಂದ ತುಂಬಬೇಕು. ಇದುವರೆಗೆ ಬಂದ ಅರ್ಜಿಗಳನ್ನು ನೋಡುತ್ತ ಕುಳಿತಿದ್ದೆ. ಹೆಚ್ಚಿನವರು ಅವ್ವ ಎಂದು ಬರೆದಿದ್ದಾರೆ, ಕೆಲವರು ಅಕ್ಕ, ಇಬ್ಬರು ಅಜ್ಜಿ. ಏಳು ಅರ್ಜಿಗಳಲ್ಲಿ ಆ ಸಾಲು ಖಾಲಿಯಿದೆ. ಆ ಏಳು ಮಕ್ಕಳ ತಂದೆತಾಯಿಗಳನ್ನು ಮುಂದಿನ ಅಮಾವಾಸ್ಯೆಯ ದಿನ ದಾಸೋಹದ ನಂತರ ಮಾತುಕತೆಗೆ ಬರಬೇಕೆಂದು ಕೇಳಿಕೊಂಡಿದ್ದೇವೆ. ತಾಯಂದಿರು ತಪ್ಪದೆ ಬರಲೆಂದು ಪೂಜ್ಯರು ವಿಶೇಷವಾಗಿ ತಿಳಿಸಿದ್ದಾರೆ.